ಯಾರಿಗೆ ಆಗುತ್ತದೆ?

ಮೊನ್ನೆ ಗೆಳತಿಯೊಬ್ಬಳು ಮೆಸೇಜ್ ಮಾಡಿದಳು. "ಅಕ್ಕ, ಮಳೆ ಹಿಡ್ಕೊಂಡಿದೆ, ಕರೆಂಟ್ ಬಂದು ಹೋಗಿ ಮಾಡ್ತಿದೆ. ಓದೋಕೆ ಒಂದು ಹತ್ತು ಒಳ್ಳೆ ಪುಸ್ತಕ ಹೇಳಿ." ನಾನು ಹತ್ತು ಹೇಳಲಿಲ್ಲ, ಒಂದೇ ಹೇಳಿದೆ. ಅವಳಿಗೆ ಸ್ವಲ್ಪ ಬೇಜಾರಾಯಿತು ಅಂತ ಕಾಣುತ್ತದೆ. ಯಾಕೆ ಹಾಗೆ ಮಾಡಿದೆ ಅಂತ ಇಲ್ಲೇ ಬರೆಯುತ್ತೇನೆ. ಅವಳೂ ಓದಲಿ, ನೀವೂ ಓದಿ.

ನಮ್ಮಪ್ಪ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಕೊಡಗಿನವರಿಗೆ ಗೊತ್ತು, ತೋಟದ ರೈಟರ್ ಅಂದರೆ ಲೆಕ್ಕ ಬರೆಯುವವರು. ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಕೆ.ಜಿ. ಹಣ್ಣು ಕುಯ್ದರು, ಬಟವಾಡೆ ಎಷ್ಟಾಯಿತು, ಎಲ್ಲ ಚೆಕ್‌ರೋಲಿನಲ್ಲಿ ಹತ್ತಬೇಕು. ಅಪ್ಪನಿಗೆ ಅದೇ ಅಭ್ಯಾಸವಾಗಿ ಮನೆಯ ಪುಸ್ತಕಗಳಿಗೂ ಒಂದು ಲೆಕ್ಕ ಇಟ್ಟಿದ್ದರು. ಹಳೇ ಚೆಕ್‌ರೋಲಿನ ಖಾಲಿ ಹಾಳೆಗಳಿಗೆ ಸ್ಕೇಲಿಟ್ಟು ಗೆರೆ ಎಳೆದು ಐದು ಕಾಲಂ ಮಾಡಿಕೊಂಡಿದ್ದರು. ತಾರೀಕು. ಪುಸ್ತಕ. ತೆಗೆದುಕೊಂಡು ಹೋದವರು. ವಾಪಸ್. ಐದನೆಯದಕ್ಕೆ "ಯಾರಿಗೆ ಆಗುತ್ತದೆ" ಅಂತ ಬರೆದಿದ್ದರು.

ಆ ಐದನೇ ಕಾಲಂ ನೋಡಬೇಕು ನೀವು. ನೀಲಿ ಶಾಯಿ ಈಗ ಕಂದು ಬಣ್ಣಕ್ಕೆ ತಿರುಗಿದೆ. ಒಂದು ಪುಸ್ತಕದ ಮುಂದೆ, "ಮಗಳನ್ನು ಮದುವೆ ಮಾಡಿ ಕಳಿಸಿದವರಿಗೆ." ಇನ್ನೊಂದಕ್ಕೆ, "ಹೊಸದಾಗಿ ಓದುವವರಿಗೆ ಬೇಡ. ಮೊದಲ ಐವತ್ತು ಪುಟ ನಿಧಾನ. ಆಮೇಲೆ ಕೆಳಗಿಡಲು ಆಗುವುದಿಲ್ಲ." ಮತ್ತೊಂದಕ್ಕೆ, "ಅಣ್ಣ ತಮ್ಮ ಪಾಲಾದ ಮನೆಯವರಿಗೆ ಈಗಲೇ ಕೊಡಬಾರದು." ವಾಪಸ್ ಕಾಲಂನಲ್ಲಿ ಒಂದು ಕಡೆ, "ಬಂತು. ಮಳೆಗೆ ನೆನೆದಿದೆ. ಪರವಾಗಿಲ್ಲ, ಓದಿದ್ದಾರೆ."

ಅಪ್ಪ ಯಾರ ಹತ್ತಿರವೂ ಪುಸ್ತಕ ಚೆನ್ನಾಗಿದೆ ಅಂತ ಹೇಳಿದ್ದು ನಾನು ಕೇಳಿಲ್ಲ. "ಇದು ನಿನಗೆ ಆಗುತ್ತದೆ, ತಗೊಂಡು ಹೋಗು" ಅನ್ನುತ್ತಿದ್ದರು, ಅಷ್ಟೆ. ತೋಟದ ಡ್ರೈವರ್ ಒಬ್ಬರು, ಶಾಲೆ ಬಿಟ್ಟು ಇಪ್ಪತ್ತು ವರ್ಷವಾಗಿದ್ದವರು, ನಮ್ಮ ಮನೆಯಿಂದ ತಿಂಗಳಿಗೆ ಎರಡು ಪುಸ್ತಕ ಒಯ್ಯುತ್ತಿದ್ದರು. ಅವರ ಹೆಸರು ಆ ಲೆಕ್ಕದಲ್ಲಿ ಮೂವತ್ತೊಂದು ಸಲ ಇದೆ. ನಾನು ಎಣಿಸಿದ್ದೇನೆ.

2018ರ ಆಗಸ್ಟಿನ ಮಳೆ ನಿಮಗೆಲ್ಲ ನೆನಪಿದೆ. ಮನೆ ಹಿಂದಿನ ಮಣ್ಣಿನ ಬರೆ ಜರಿಯುವ ಹಾಗೆ ಕಂಡು, ಉಟ್ಟ ಬಟ್ಟೆಯಲ್ಲಿ ಹೊರಟು ಪರಿಹಾರ ಕೇಂದ್ರ ಸೇರಿದೆವು. ವಾಪಸ್ ಬಂದಾಗ ಮನೆ ನಿಂತಿತ್ತು, ಪುಸ್ತಕಗಳು ಉಳಿದಿರಲಿಲ್ಲ. ಹಾಳೆಗೆ ಹಾಳೆ ಅಂಟಿಕೊಂಡು, ಬೂಸ್ಟು ಹಿಡಿದು, ಇಟ್ಟಿಗೆಯ ಹಾಗಾಗಿದ್ದವು. ತಗಡಿನ ಪೆಟ್ಟಿಗೆಯಲ್ಲಿದ್ದ ಲೆಕ್ಕದ ಪುಸ್ತಕ ಮಾತ್ರ ಉಳಿಯಿತು. ಯಾವ ಪುಸ್ತಕವೂ ಇಲ್ಲ, ಆದರೆ ಯಾವುದು ಯಾರಿಗೆ ಆಗುತ್ತದೆ ಅನ್ನುವುದು ಪೂರ್ತಿ ಇದೆ. ಅದನ್ನು ಹಿಡಿದುಕೊಂಡೇ ನಾನು ಒಂದೊಂದಾಗಿ ಪುಸ್ತಕ ವಾಪಸ್ ಕೂಡಿಸಿದ್ದು.

ಅದಕ್ಕೇ ಇವತ್ತು ಫೇಸ್‌ಬುಕ್‌ನಲ್ಲಿ "ಸಾಯೋ ಮುಂಚೆ ಓದಲೇಬೇಕಾದ ನೂರು ಪುಸ್ತಕ" ಅಂತ ಪಟ್ಟಿ ನೋಡಿದಾಗ ಮನಸ್ಸಿಗೆ ಏನೋ ಕೊರತೆ ಅನ್ನಿಸುತ್ತದೆ. ಪಟ್ಟಿಯಲ್ಲಿರುವ ಪುಸ್ತಕಗಳು ಒಳ್ಳೆಯವೇ. ಆದರೆ ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದ ಹಾಗಾಗುವುದಿಲ್ಲ. ಕಾಫಿ ಲೋಟದ ಪಕ್ಕ ಪುಸ್ತಕ ಇಟ್ಟು ಫೋಟೊ ತೆಗೆದು "ಅದ್ಭುತ, ಮಿಸ್ ಮಾಡ್ಕೋಬೇಡಿ" ಅಂತ ನಾನೂ ಹಾಕಿದ್ದೇನೆ. ಇನ್ನೂರು ಜನ ಲೈಕ್ ಒತ್ತಿದರು. ಆ ಪುಸ್ತಕ ಓದಿದೆ ಅಂತ ಯಾರೂ ಹೇಳಲಿಲ್ಲ. ಹೋದ ವರ್ಷ ಅಪ್ಪನ ರೀತಿಯಲ್ಲಿ ಒಂದು ಪೋಸ್ಟ್ ಬರೆದೆ. ಯಾವ ಪುಸ್ತಕ, ಯಾವ ಪುಟದಲ್ಲಿ ನಾನು ನಿಂತುಬಿಟ್ಟೆ, ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ. ಲೈಕ್ ಕಮ್ಮಿ ಬಂತು. ಆದರೆ ನಾಲ್ಕು ಜನ ಪುಸ್ತಕ ತರಿಸಿಕೊಂಡು ಓದಿ ಇನ್‌ಬಾಕ್ಸಿಗೆ ಬಂದು ಮಾತಾಡಿದರು. ಒಬ್ಬರಂತೂ ಅತ್ತೆಗೆ ಓದಿ ಹೇಳಿದರಂತೆ.

ಸರಿ, ಆ ಗೆಳತಿಗೆ ಹೇಳಿದ ಒಂದು ಪುಸ್ತಕ ಯಾವುದು? ಕೊಡಗಿನ ಗೌರಮ್ಮ ಅವರ "ಕಂಬನಿ".

ಗೌರಮ್ಮ ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ಅವರ ಯಜಮಾನರು ಸುಂಟಿಕೊಪ್ಪ ಹತ್ತಿರದ ತೋಟದಲ್ಲಿ ಮ್ಯಾನೇಜರ್. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕು ಅಂತ ಈಕೆ ಉಪವಾಸ ಕೂತರು. ಗಾಂಧೀಜಿ ಬಂದರು. ಹರಿಜನ ನಿಧಿಗೆ ಗೌರಮ್ಮ ಮೈಮೇಲಿನ ಒಡವೆ ತೆಗೆದು ಕೊಟ್ಟರು. ಇದು ಎಲ್ಲರೂ ಹೇಳುವ ಕತೆ, ನನಗೂ ಇಷ್ಟ. ಆದರೆ ಇದನ್ನು ಹೇಳಿ ನಿಲ್ಲಿಸಿಬಿಡುತ್ತೇವೆ, ಅವರು ಬರೆದದ್ದನ್ನು ಓದುವುದಿಲ್ಲ. ಅದು ನನಗೆ ನೋವು.

1939ರಲ್ಲಿ ಈಜಲು ಹೋಗಿ ನೀರಿನಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. "ಕಂಬನಿ", "ಚಿಗುರು" ಎರಡೂ ಪುಸ್ತಕವಾಗಿ ಬಂದದ್ದು ಆಮೇಲೆ. ಕತೆಗಳು ಚಿಕ್ಕವು. ಬಾಲವಿಧವೆಯರು, ವರದಕ್ಷಿಣೆ, ಜಾತಿಯ ಗೋಡೆ, ಒಳಗೇ ಉಳಿದುಹೋದ ಪ್ರೀತಿ. ತೊಂಬತ್ತು ವರ್ಷದ ಹಿಂದೆ ಇದೇ ಮಳೆಯಲ್ಲಿ, ಇದೇ ತೋಟದ ಮನೆಯೊಂದರಲ್ಲಿ ಕೂತು ಇಪ್ಪತ್ತು ಚಿಲ್ಲರೆ ವಯಸ್ಸಿನ ಹೆಣ್ಣುಮಗಳು ಅದನ್ನೆಲ್ಲ ಬರೆದಳು. ಅವಳು ಎಲ್ಲೂ ಭಾಷಣ ಮಾಡುವುದಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಾಳೆ. ಅಡುಗೆಮನೆಯಲ್ಲಿ ನಿಂತು ಓದಲು ಶುರು ಮಾಡಿ ಹಾಲು ಉಕ್ಕಿಸಿದ್ದೇನೆ ನಾನು.

ಯಾರಿಗೆ ಆಗುತ್ತದೆ? ಮನೆಯಲ್ಲಿ ಒಂದು ಮಾತು ಹೇಳಬೇಕಿದೆ, ಹೇಳಲು ಆಗುತ್ತಿಲ್ಲ ಅನ್ನುವವರಿಗೆ. ಒಂದೇ ದಿನ ಎಲ್ಲ ಕತೆ ಓದಬೇಡಿ. ದಿನಕ್ಕೊಂದು ಸಾಕು.

ನಮ್ಮ ಮಡಿಕೇರಿಯವರೇ ಆದ ದೀಪಾ ಭಾಸ್ತಿ 2023ರಲ್ಲಿ ಗೌರಮ್ಮನ ಕತೆಗಳನ್ನು ಇಂಗ್ಲಿಷಿಗೆ ತಂದರು. ಬಾನು ಮುಷ್ತಾಕ್ ಅವರ ಕತೆಗಳ ಅನುವಾದ "ಹಾರ್ಟ್ ಲ್ಯಾಂಪ್"ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ನಾವೆಲ್ಲ ಹಂಚಿಕೊಂಡು ಖುಷಿಪಟ್ಟೆವು, ಅಲ್ವಾ. ಆ ಎರಡು ಅನುವಾದದಲ್ಲೂ ಕೈ ಒಂದೇ, ದೀಪಾ ಅವರದ್ದು. ಒಬ್ಬರು ಮನಸ್ಸಿಟ್ಟು ಓದಿ ಇನ್ನೊಬ್ಬರಿಗೆ ದಾಟಿಸಿದರೆ ಒಂದು ಕತೆ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ಇನ್ನು ಅಪ್ಪನ ಲೆಕ್ಕದಲ್ಲಿರುವ ಬೇರೆ ಮೂರು.

"ಪಟ್ಟೋಲೆ ಪಳಮೆ", 1924. ನಡಿಕೇರಿಯಂಡ ಚಿಣ್ಣಪ್ಪ ಅವರದು. ಪೊಲೀಸ್ ಕೆಲಸದಲ್ಲಿದ್ದವರು ಊರೂರಿನ ಹಿರಿಯರ ಬಾಯಲ್ಲಿದ್ದ ಕೊಡವ ಹಾಡುಗಳನ್ನು ಕೂಡಿಸಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟರು. ಅವರ ಮೊಮ್ಮಕ್ಕಳೇ 2003ರಲ್ಲಿ ಇಂಗ್ಲಿಷಿಗೆ ಮಾಡಿದ್ದಾರೆ. ನಮ್ಮದು ಕೊಡವ ಮನೆಯಲ್ಲ, ಆದರೂ ಅಪ್ಪ ಇದರ ಮುಂದೆ "ಕೊಡಗಿನ ನೀರು ಕುಡಿದ ಎಲ್ಲರಿಗೂ" ಅಂತ ಬರೆದಿದ್ದಾರೆ. ಒಬ್ಬರೇ ಕೂತು ಓದಬೇಡಿ. ಹಾಡು ಗೊತ್ತಿರುವ ಅಜ್ಜ ಅಜ್ಜಿ ಯಾರಾದರೂ ಇದ್ದರೆ ಅವರ ಪಕ್ಕ ಕೂತು ಓದಿ.

ಮಾಸ್ತಿಯವರ "ಚಿಕವೀರ ರಾಜೇಂದ್ರ" 1956ರದು. ಮಾಸ್ತಿಯವರಿಗೆ ಜ್ಞಾನಪೀಠ ತಂದ ಕಾದಂಬರಿ. ಕೊಡಗಿನ ಕೊನೆಯ ರಾಜನನ್ನು ಅದರಲ್ಲಿ ತೋರಿಸಿದ ರೀತಿ ಸರಿಯಾ ಅಂತ ಈಗಲೂ ಇಲ್ಲಿ ಮಾತು ಬಿಸಿಯಾಗುತ್ತದೆ. ಬಿಸಿಯಾಗಲಿ, ಒಳ್ಳೆಯದೇ. ಆದರೆ ಓದಿ ಮಾತಾಡೋಣ, ಕಾದಂಬರಿಯನ್ನು ಕಾದಂಬರಿ ಅಂತ ಓದೋಣ. ಮುಗಿಸಿದ ಮೇಲೆ ಒಮ್ಮೆ ಮಡಿಕೇರಿಯ ಗದ್ದಿಗೆಗೆ, ಅಂದರೆ ರಾಜರ ಸಮಾಧಿಗಳಿರುವಲ್ಲಿಗೆ, ಹೋಗಿ ಬನ್ನಿ. ಅಲ್ಲಿ ದೊಡ್ಡಪ್ಪ ದೊಡ್ಡವೀರರಾಜೇಂದ್ರ ಇದ್ದಾರೆ, ಅಪ್ಪ ಲಿಂಗರಾಜೇಂದ್ರ ಇದ್ದಾರೆ. 1834ರಲ್ಲಿ ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರ ಅಲ್ಲಿಲ್ಲ. ಅವರು ತೀರಿಕೊಂಡದ್ದು 1859ರಲ್ಲಿ, ಲಂಡನ್ನಿನಲ್ಲಿ. ಪುಸ್ತಕ ಓದಿ ಅಲ್ಲಿ ಹೋಗಿ ನಿಂತಾಗ ಆ ಇಲ್ಲದಿರುವುದು ತಟ್ಟುತ್ತದೆ. ಯಾರಿಗೆ ಆಗುತ್ತದೆ? ಊರು ಬಿಟ್ಟು ಹೋದವರಿಗೆ.

ಭಾರತೀಸುತರು ನಮ್ಮ ಜಿಲ್ಲೆಯವರೇ. "ಎಡಕಲ್ಲು ಗುಡ್ಡದ ಮೇಲೆ" ಅಂದರೆ ಎಲ್ಲರಿಗೂ ಸಿನಿಮಾ ನೆನಪಾಗುತ್ತದೆ, ಬರೆದವರ ಹೆಸರು ಕೇಳಿದರೆ ಸುಮ್ನಾಗುತ್ತಾರೆ. ಓದು ಬಿಟ್ಟುಹೋಗಿದೆ, ಮತ್ತೆ ಶುರು ಮಾಡಬೇಕು ಅನ್ನುವವರಿಗೆ ಅವರ ಕಾದಂಬರಿ ಕೊಡುತ್ತೇನೆ. ಪುಟ ತಾನಾಗೇ ತಿರುಗುತ್ತದೆ.

ಪುಸ್ತಕದ ಹೆಸರು ಹಾಕಿದ ಕೂಡಲೇ "ಪಿಡಿಎಫ್ ಇದ್ರೆ ಕಳಿಸಿ" ಅಂತ ಕಾಮೆಂಟ್ ಬರುತ್ತದೆ. ನನ್ನ ಕೈಲಿ ಆಗುವುದಿಲ್ಲ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ಮನೆಯವರದ್ದು ಅಥವಾ ಹಕ್ಕು ಪಡೆದವರದ್ದು. ಗೌರಮ್ಮನ ಕತೆಗಳಿಗೆ ಆ ಅವಧಿ ಮುಗಿದಿದೆ. ಯಾರು ಬೇಕಾದರೂ ಟೈಪ್ ಮಾಡಬಹುದು, ಓದಿ ರೆಕಾರ್ಡ್ ಮಾಡಿ ಹಂಚಬಹುದು, ದಯವಿಟ್ಟು ಮಾಡಿ. ಈಗ ಬರೆಯುತ್ತಿರುವವರ ಪುಸ್ತಕವನ್ನು ಮಾತ್ರ ಕೊಂಡು ಓದಿ. ಕೊಳ್ಳಲು ಕಷ್ಟವಾದರೆ ನನ್ನನ್ನು ಕೇಳಿ, ನನ್ನ ಪ್ರತಿ ಕೊಡುತ್ತೇನೆ.

ಹೇಗೆ ಇಷ್ಟು ಓದುತ್ತೀರಿ ಅಂತ ಕೆಲವರು ಕೇಳುತ್ತಾರೆ. ಜಾಸ್ತಿ ಏನೂ ಓದುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಇಪ್ಪತ್ತು ಪುಟ. ಫೋನ್ ಆಗ ಬೇರೆ ಕೋಣೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕಗಳನ್ನು ಗೋಡೆಗೆ ತಾಗದ ಹಾಗೆ, ಒಂದಕ್ಕೊಂದು ಒತ್ತದ ಹಾಗೆ ಇಡುತ್ತೇನೆ, ನಮ್ಮ ಥಂಡಿಗೆ ಅಷ್ಟಾದರೂ ಬೇಕು. ಬಿಸಿಲು ಬಂದ ದಿನ ಒಣ ಬಟ್ಟೆಯಲ್ಲಿ ಒರೆಸಿ ಜಗಲಿಯಲ್ಲಿ ಗಾಳಿಗೆ ಬಿಡುತ್ತೇನೆ. ಆಗ ಪುಟ ತಿರುವುತ್ತಾ ಇದು ಯಾರಿಗೆ ಕೊಡಬೇಕು ಅಂತ ಒಬ್ಬೊಬ್ಬರ ಮುಖ ನೆನಪಾಗುತ್ತದೆ.

ನೀವು ಕಾಮೆಂಟಿನಲ್ಲಿ ಒಂದು ಪುಸ್ತಕ ಹೇಳಿ. ಒಂದೇ. ಯಾರಿಗೆ ಆಗುತ್ತದೆ ಅಂತಲೂ ಬರೆಯಿರಿ. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಇನ್ನೂ ಹನ್ನೆರಡು ಹಾಳೆ ಖಾಲಿ ಇದೆ, ಅದರಲ್ಲಿ ಬರೆದುಕೊಳ್ಳುತ್ತೇನೆ.

ಮೆಸೇಜ್ ಮಾಡಿದ ಗೆಳತಿಗೆ: ಶನಿವಾರ ಹನ್ನೊಂದಕ್ಕೆ ಮಡಿಕೇರಿ ಬಸ್ ಸ್ಟ್ಯಾಂಡ್‌ಗೆ ಬಾ. "ಕಂಬನಿ"ಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುತ್ತೇನೆ. ನಿನ್ನ ಹೆಸರು, ತಾರೀಕು ಈಗಾಗಲೇ ಬರೆದಾಗಿದೆ.