ಹಾಲಿನ ಪಾತ್ರೆಯಲ್ಲಿ ಡೆಕಾರ್ಟ್

ಬೇಸಿಗೆ ರಜೆಯ ಮೂರನೆಯ ದಿನಕ್ಕೇ ಅಕ್ಕ ತನ್ನ ಮಗನನ್ನು ನಮ್ಮ ಮನೆಗೆ ತಂದು ಬಿಟ್ಟಳು. ಹುಡುಗನಿಗೆ ಆಗಷ್ಟೇ ಒಂಬತ್ತನೆಯ ತರಗತಿ ಮುಗಿದಿತ್ತು. ಕೈಯಲ್ಲಿ ಕಾಮಿಕ್ಸ್ ಇಲ್ಲದಿದ್ದರೆ ಪೆನ್ಸಿಲ್, ಪೆನ್ಸಿಲ್ ಇಲ್ಲದಿದ್ದರೆ ಮೊಬೈಲ್. "ನೀನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದರಿಂದ ಇದುವರೆಗೆ ಯಾರಿಗೂ ಉಪಯೋಗವಾಗಿಲ್ಲ. ಇವನಿಗಾದರೂ ನಾಲ್ಕು ಒಳ್ಳೆಯ ಮಾತು ಹೇಳು" ಎಂದು ಅಪ್ಪಣೆ ಕೊಟ್ಟು ಹೊರಟಳು. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿರುವ ನನಗೆ ಒಳಗೊಳಗೇ ಹುಮ್ಮಸ್ಸು ಬಂದಿತು. ಹದಿನೇಳನೆಯ ಶತಮಾನದ ಯುರೋಪಿನ ತತ್ತ್ವಜ್ಞಾನಿಗಳ ಮೇಲೆ ಒಂದು ಕಾಮಿಕ್ಸ್ ಮಾಡೋಣ, ಮಾತು ನನ್ನದು, ಚಿತ್ರ ನಿನ್ನದು ಎಂದೆ.

ಮೊದಲ ಜಗಳ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್‌ನ ಬಾಯಿಯ ವಿಚಾರವಾಗಿ ನಡೆಯಿತು. 'ನಾನು ಯೋಚಿಸುತ್ತೇನೆ, ಆದ್ದರಿಂದ ನಾನು ಇದ್ದೇನೆ' ಎಂಬ ಜಗತ್ಪ್ರಸಿದ್ಧ ವಾಕ್ಯವನ್ನು ಹುಡುಗ ಮಾತಿನ ಗುಳ್ಳೆಯೊಳಗೆ ತುರುಕಲು ನೋಡಿದ. ಹಿಡಿಸಲಿಲ್ಲ. 'ಯೋಚಿಸುತ್ತೇನೆ' ಎಂಬುದೊಂದೇ ಡೆಕಾರ್ಟ್‌ನ ತಲೆ ದಾಟಿ ಪಕ್ಕದ ಚೌಕಕ್ಕೆ ನುಗ್ಗಿತು. ಅದೂ ಅಲ್ಲದೆ ಅವನು ಇದನ್ನು ಯಾರಿಗೋ ಕೂಗಿ ಹೇಳಿದ್ದಲ್ಲ, ಒಬ್ಬನೇ ಕುಳಿತು ಕಂಡುಕೊಂಡದ್ದು. ಬಾಲವಿರುವ ಗುಳ್ಳೆ ಬೇಡ, ಯೋಚನೆಗೆ ಬರೆಯುತ್ತಾರಲ್ಲ, ಆ ಮೋಡ ಬರೆ ಎಂದೆ. ಬರೆದ. ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಮಾವ, ಮೋಡ ಇದ್ದರೆ ಯೋಚಿಸುತ್ತಿದ್ದಾನೆ ಎಂದು ಗೊತ್ತೇ ಆಗುತ್ತದಲ್ಲ? ಅದನ್ನು ಮತ್ತೆ ಬರೆಯುವುದೇಕೆ? ಒಳಗೆ 'ಇದ್ದೇನೆ' ಎಂದಿಟ್ಟರೆ ಸಾಕು."

ರೇಗಲು ಬಾಯಿ ತೆರೆದವನು ಸುಮ್ಮನಾದೆ. 1637ರ ಫ್ರೆಂಚ್ ಪುಸ್ತಕದಲ್ಲಿ 'ಆದ್ದರಿಂದ' ಹಾಕಿದ್ದ ಡೆಕಾರ್ಟ್, 1641ರ ಲ್ಯಾಟಿನ್ ಗ್ರಂಥದ ಎರಡನೆಯ ಧ್ಯಾನದಲ್ಲಿ (ಅಧ್ಯಾಯಗಳಿಗೆ ಅವನಿಟ್ಟ ಹೆಸರೇ 'ಧ್ಯಾನ') ಅದನ್ನು ಕೈಬಿಟ್ಟು, 'ನಾನು ಇದ್ದೇನೆ' ಎಂಬುದು ಮನಸ್ಸಿಗೆ ಬಂದಾಗಲೆಲ್ಲ ನಿಜವೇ ಎಂದು ಬರೆಯುತ್ತಾನೆ. ಈ ವ್ಯತ್ಯಾಸದ ಮೇಲೆ ನಾನು ಪರೀಕ್ಷೆಯಲ್ಲಿ ಹನ್ನೆರಡು ಪುಟ ಬರೆದು ನಲವತ್ತೆರಡು ಅಂಕ ಪಡೆದಿದ್ದೆ. ಹುಡುಗನಿಗೆ ಅದು ಜಾಗ ಸಾಲದೆ ಹೊಳೆಯಿತು.

ಅದೇ ಎರಡನೆಯ ಧ್ಯಾನದಲ್ಲಿ ಮೇಣದ ಪ್ರಸಂಗವಿದೆ. ಗೂಡಿನಿಂದ ಆಗತಾನೆ ತೆಗೆದ ಮೇಣ. ಜೇನಿನ ರುಚಿ ಪೂರ್ತಿ ಹೋಗಿಲ್ಲ, ಹೂವಿನ ವಾಸನೆಯೂ ಇದೆ, ತಟ್ಟಿದರೆ ಸದ್ದಾಗುತ್ತದೆ. ಬೆಂಕಿಯ ಹತ್ತಿರ ಒಯ್ದರೆ ಇವೆಲ್ಲ ಮಾಯ. ಆದರೂ ಅದೇ ಮೇಣ ಎನ್ನುತ್ತೇವೆ. ಅಂದಮೇಲೆ ಮೇಣವನ್ನು ಅರಿತದ್ದು ಕಣ್ಣು ಮೂಗುಗಳಲ್ಲ, ಬುದ್ಧಿ ಎಂಬುದು ಅವನ ವಾದ. "ನೋಡದೆ ಬರೆಯಲಾಗುವುದಿಲ್ಲ" ಎಂದ ನಮ್ಮ ಚಿತ್ರಕಾರ. ಕರೆಂಟು ಹೋದರೆ ಇರಲಿ ಎಂದಿಟ್ಟಿದ್ದ ಮೇಣದ ಬತ್ತಿಗಳನ್ನು ಕೈಗೆ ಸಿಕ್ಕಿದ ಪಾತ್ರೆಯಲ್ಲಿ ಹಾಕಿ ಒಲೆಯ ಮೇಲಿಟ್ಟೆವು. ಕೈಗೆ ಸಿಕ್ಕಿದ್ದು ಹಾಲು ಕಾಯಿಸುವ ಪಾತ್ರೆ. ಹೆಂಡತಿ ಮಾರುಕಟ್ಟೆಯಿಂದ ಬರುವ ಹೊತ್ತಿಗೆ ಮೇಣ ಕರಗಿ, ಆರಿ, ತಳಕ್ಕೆ ಕಚ್ಚಿತ್ತು.

"ಆಕಾರವಷ್ಟೇ ಬದಲಾಗಿದೆ, ವಸ್ತು ಅದೇ" ಎಂದು ಸಮಾಧಾನ ಹೇಳಿದೆ.

"ಪಾತ್ರೆಯೂ ಅದೇ. ಉಜ್ಜುವವರು ಮಾತ್ರ ಈ ಸಲ ಬೇರೆ" ಎಂದು ತೆಂಗಿನ ನಾರನ್ನು ನನ್ನ ಕೈಗಿಟ್ಟಳು. ಮೂರು ದಿನ ಕಾಫಿಯಲ್ಲಿ ಮೇಣದ ವಾಸನೆ ಇತ್ತು. ಬೆಂಕಿಗೆ ವಾಸನೆ ಹಾರಿಹೋಗುತ್ತದೆ ಎಂದು ಬರೆದವನು ಪಾತ್ರೆ ಉಜ್ಜಿದವನಲ್ಲ.

ಮೈಯಿಲ್ಲದ ಆತ್ಮವೇ ದೇಹವನ್ನು ಆಡಿಸುತ್ತದೆ ಎಂಬುದು ಡೆಕಾರ್ಟ್‌ನ ಇನ್ನೊಂದು ವಾದ. ಆ ಆತ್ಮವನ್ನು ಹುಡುಗ ಬಿಳಿ ಬೆಡ್‌ಶೀಟ್ ಹೊದ್ದ ದೆವ್ವದಂತೆ ಬರೆದ. ಅದು ಡೆಕಾರ್ಟ್‌ನ ಕೈಯನ್ನು ಎತ್ತಬೇಕು. ಎಷ್ಟು ಸಲ ಬರೆದರೂ ದೆವ್ವದ ಕೈ ಮನುಷ್ಯನ ಕೈಯೊಳಗೆ ತೂರಿ ಆಚೆ ಬರುತ್ತಿತ್ತು. "ಇದಕ್ಕೆ ಮೈಯೇ ಇಲ್ಲವಲ್ಲ ಮಾವ, ಹಿಡಿದು ಎತ್ತುವುದು ಹೇಗೆ?" 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ ಕಾಗದ ಬರೆದು ಕೇಳಿದ್ದೂ ಇದನ್ನೇ. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಡೆಕಾರ್ಟ್ ಸುತ್ತಿ ಬಳಸಿ ಉತ್ತರಿಸಿದ, ಅವಳು ಬಿಡಲಿಲ್ಲ. ಕೊನೆಗೆ, ದೇಹಾತ್ಮಗಳ ನಂಟು ಧ್ಯಾನದಿಂದಲ್ಲ, ದಿನನಿತ್ಯದ ಬದುಕಿನಿಂದ, ಮಾತುಕತೆಯಿಂದ ತಿಳಿಯುವಂಥದ್ದು ಎಂದ. ನಾನು ಹುಡುಗನಿಗೆ "ಹೋಗಿ ಆಟವಾಡಿಕೊ" ಎಂದೆ. ತಾತ್ಪರ್ಯ ಒಂದೇ.

ಇಂಗ್ಲೆಂಡಿನ ತತ್ತ್ವಜ್ಞಾನಿ ಹಾಬ್ಸ್‌ನ ಪುಟವನ್ನು ಮಾತ್ರ ನಾವು ನಕಲು ಹೊಡೆದೆವು. 1651ರ 'ಲೆವಿಯಥನ್'ಗೆ ಅಬ್ರಹಾಂ ಬಾಸ್ ಎಂಬ ಫ್ರೆಂಚ್ ಕಲಾವಿದ ರಚಿಸಿದ ಮುಖಚಿತ್ರದಲ್ಲಿ ಬೆಟ್ಟದಾಚೆಯಿಂದ ಎದ್ದು ನಿಂತ ದೈತ್ಯ ರಾಜನಿದ್ದಾನೆ. ಅವನ ಮೈಯೆಲ್ಲ ಪ್ರಜೆಗಳೇ. ಮುನ್ನೂರಕ್ಕೂ ಹೆಚ್ಚು ಜನ, ಎಲ್ಲರೂ ನಮಗೆ ಬೆನ್ನು ಹಾಕಿ ರಾಜನ ಮುಖ ನೋಡುತ್ತಿದ್ದಾರೆ. ಪ್ರಜೆಗಳೆಲ್ಲ ತಮ್ಮ ಅಧಿಕಾರವನ್ನು ಆಳುವವನಿಗೆ ಒಪ್ಪಿಸಿ ಒಂದೇ ಮೈಯಾದರೆ ಅದೇ ರಾಜ್ಯ ಎಂದು ಹಾಬ್ಸ್ ನೂರಾರು ಪುಟ ವಾದಿಸುವುದನ್ನು ಈ ಒಂದು ಚಿತ್ರ ಮೊದಲೇ ಹೇಳಿ ಮುಗಿಸುತ್ತದೆ. ತತ್ತ್ವಕ್ಕೆ ಚಿತ್ರ ಹಾಕುವುದು ಮಕ್ಕಳಾಟ ಎನ್ನುವ ಅಕ್ಕನಿಗೆ ತೋರಿಸಲೆಂದೇ ಅದನ್ನು ಗುರುತು ಮಾಡಿಟ್ಟುಕೊಂಡೆ. ಮುಖ ಬರೆಯಬೇಕಿಲ್ಲವೆಂದು ಹುಡುಗನೂ ಹಿಗ್ಗಿದ. ಎಡ ಮೊಣಕೈ ತಲುಪುವ ಹೊತ್ತಿಗೆ ನಲವತ್ತು ಪ್ರಜೆಗಳು, ನಾಲ್ಕು ದಿನ ಮುಗಿದಿದ್ದವು. ಉಳಿದವರನ್ನು ಚುಕ್ಕೆಗಳಾಗಿಸಿದ. ರಾಜನಿಗೆ ಸಿಡುಬು ಎದ್ದಂತೆ ಕಾಣುತ್ತಿತ್ತು.

ಅಂತೂ ಹದಿನಾರು ಪುಟಗಳಾದವು. ಅದರಲ್ಲಿ ಎರಡು ನನ್ನ ಹೆಮ್ಮೆಯವು. ಡೆಕಾರ್ಟ್ ಆಕಾಶ, ಭೂಮಿ, ತನ್ನ ಕೈ ಕಾಲುಗಳನ್ನೂ ಸಂದೇಹಿಸುತ್ತಾನಲ್ಲ, ಅಲ್ಲಿ ಇಡೀ ಪುಟ ಖಾಲಿ. ಹುಟ್ಟುವಾಗ ಮನಸ್ಸು ಬಿಳಿ ಹಾಳೆ ಎಂದ ಲಾಕ್‌ಗೂ ಒಂದು ಖಾಲಿ ಪುಟ. ಬೀದಿಯ ಮಕ್ಕಳಿಗೆ ಹಂಚಲು ಇಪ್ಪತ್ತೈದು ಪ್ರತಿ ಮಾಡಿಸಲು ಜೆರಾಕ್ಸ್ ಅಂಗಡಿಗೆ ಕೊಟ್ಟು ಬಂದೆ. ಸಂಜೆ ಹೋದಾಗ ಅಂಗಡಿಯವರು ಪಿನ್ನು ಹೊಡೆದ ಕಟ್ಟು ಕೊಟ್ಟು, "ಸಾರ್, ನಡುವೆ ಎರಡು ಖಾಲಿ ಹಾಳೆ ಸೇರಿಕೊಂಡಿದ್ದವು. ತೆಗೆದುಬಿಟ್ಟಿದ್ದೇನೆ, ಅದಕ್ಕೆ ದುಡ್ಡು ಹಾಕಿಲ್ಲ" ಎಂದರು. ಹೀಗಾಗಿ ನಮ್ಮ ಬೀದಿಯ ಡೆಕಾರ್ಟ್ ಯಾವ ಸಂದೇಹವನ್ನೂ ಪಡದೆ, ಹಾಸಿಗೆಯಿಂದ ನೇರವಾಗಿ 'ಇದ್ದೇನೆ'ಗೆ ಬಂದ. ಲಾಕ್ ಹುಟ್ಟಲೇ ಇಲ್ಲ.

ಮಕ್ಕಳು ಓದಿದ್ದು ಕೊನೆಯ ಪುಟವನ್ನು. ಚಿಕ್ಕಂದಿನಿಂದ ಹೊತ್ತೇರುವವರೆಗೆ ಹಾಸಿಗೆಯಲ್ಲೇ ಇದ್ದು ಯೋಚಿಸುತ್ತಿದ್ದ ಡೆಕಾರ್ಟ್‌ನನ್ನು ಸ್ವೀಡನ್ನಿನ ರಾಣಿ ಕ್ರಿಸ್ಟೀನಾ ಸ್ಟಾಕ್‌ಹೋಮ್‌ಗೆ ಕರೆಸಿಕೊಂಡಳು. ಪಾಠ ಬೆಳಗಿನ ಐದಕ್ಕೆ, ಅದೂ ಆ ಊರಿನ ಜನವರಿಯಲ್ಲಿ. 1650ರ ಫೆಬ್ರುವರಿ 11ರಂದು ನ್ಯುಮೋನಿಯಾದಿಂದ ತೀರಿಕೊಂಡ, ಐವತ್ತನಾಲ್ಕು ತುಂಬಿರಲಿಲ್ಲ. ಹುಡುಗ ಈ ಪುಟಕ್ಕೆ ಬಣ್ಣವನ್ನೂ ಹಾಕಿದ್ದ, ಆದರೆ ಜೆರಾಕ್ಸಿನಲ್ಲಿ ಬರಲಿಲ್ಲ.

ಜೂನ್ ಎರಡನೆಯ ವಾರ ಅಕ್ಕ ಫೋನ್ ಮಾಡಿದಳು. ಹತ್ತನೆಯ ತರಗತಿಯ ಟ್ಯೂಷನ್ ಬೆಳಗಿನ ಆರಕ್ಕಂತೆ. "ಎಬ್ಬಿಸಿದರೆ ಯಾರೋ ಸ್ವೀಡನ್ನಿನಲ್ಲಿ ಸತ್ತ ಕಥೆ ಹೇಳುತ್ತಾನೆ. ಏನು ಕಲಿಸಿ ಕಳುಹಿಸಿದೆ ನೀನು?" ಫೋನ್ ಇಟ್ಟ ಮೇಲೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂದಿತು. ಎಂಟು ಗಂಟೆಯಾದರೂ ಮುಚ್ಚಿದ ಕೋಣೆಯ ಬಾಗಿಲು, ಅದರ ಮೇಲೆ ಅಂಟಿಸಿದ ಹಾಳೆ. ಹಾಳೆಯಲ್ಲಿ ಒಂದು ಮೋಡ, ಮೋಡದೊಳಗೆ ಗುಂಡಗಿನ ಅಕ್ಷರದಲ್ಲಿ: 'ಇದ್ದೇನೆ.'