ಇತರೆ 4

ಮನೆ ಬದಲಿಸಲು ಇನ್ನೂ ಹದಿನೈದು ದಿನ ಇದೆ ಅನ್ನುವಾಗ ನನ್ನಷ್ಟು ಶಿಸ್ತಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಮೊದಲ ಬಾಕ್ಸಿನ ಮೇಲೆ ದಪ್ಪ ಮಾರ್ಕರಿನಲ್ಲಿ ‘ಅಡುಗೆಮನೆ, ಮೇಲಿನ ಕಪಾಟು, ಎಡಗಡೆ, ಚಿಕ್ಕ ಬಟ್ಟಲು ಆರು’ ಎಂದು ಬರೆದೆ. ಹತ್ತನೆಯದರ ಮೇಲೆ ಬರೀ ‘ಅಡುಗೆಮನೆ’. ಕೊನೆಯ ರಾತ್ರಿ ಎರಡು ಗಂಟೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿದ ಬಾಕ್ಸುಗಳ ಮೇಲೆ ‘ಇತರೆ’. ಇತರೆ 1, ಇತರೆ 2, ಹೀಗೆ ಏಳರವರೆಗೆ. ನಂಬರ್ ಹಾಕಿದ್ದೆನಲ್ಲ, ಅದೂ ಒಂದು ಶಿಸ್ತೇ ಅಲ್ವಾ?

ಪುಸ್ತಕಗಳಿಗೆ ಎಲ್ಲಕ್ಕಿಂತ ದೊಡ್ಡ ಬಾಕ್ಸ್ ಆರಿಸಿದೆ. ಭಾರದ ಸಾಮಾನಿಗೆ ಚಿಕ್ಕ ಬಾಕ್ಸ್, ಹಗುರದ್ದಕ್ಕೆ ದೊಡ್ಡದು ಅಂತ ಹೆಂಡತಿ ಹೇಳಿದ್ದಳು. ದೊಡ್ಡದು ಕೊಂಡಿರುವುದೇ ಜಾಸ್ತಿ ಹಿಡಿಸಲಿಕ್ಕೆ ತಾನೆ ಎಂದು ನನ್ನ ವಾದ. ಬಾಕ್ಸಿನ ತಳಕ್ಕೆ ಟೇಪನ್ನೂ ಹಾಕಿರಲಿಲ್ಲ. ನಾಲ್ಕು ಮಡಿಕೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೈ ತೊಳೆದುಕೊಂಡಿದ್ದೆ. ಸಾಮಾನು ಸಾಗಿಸಲು ಬಂದವರಲ್ಲಿ ಇಬ್ಬರು ಏದುಸಿರು ಬಿಡುತ್ತಾ ಎತ್ತಿದರು. ಮೆಟ್ಟಿಲ ಮೇಲೆ ತಳ ಸುಮ್ನೆ, ಯಾವ ಸದ್ದೂ ಇಲ್ಲದೆ ಬಿಚ್ಚಿಕೊಂಡಿತು. ಸದ್ದು ಮಾಡಿದ್ದು ಆಮೇಲೆ ಬಿದ್ದ ನಿಘಂಟು. ಅದು ಒಂದೊಂದೇ ಮೆಟ್ಟಿಲು ಇಳಿದು ನಮಗಿಂತ ಮೊದಲು ಗೇಟಿನ ಹತ್ತಿರ ಹೋಗಿ ಮಲಗಿತ್ತು. ಎತ್ತಿದವರ ಕೈಯಲ್ಲಿ ನಾಲ್ಕು ಗೋಡೆ ಮಾತ್ರ ಉಳಿದಿತ್ತು.

‘ನಡುವಿನ ಸೀಳಿನ ಉದ್ದಕ್ಕೂ ಒಂದು ಟೇಪು, ಎರಡೂ ಅಂಚಿಗೆ ಒಂದೊಂದು. ಇಂಗ್ಲಿಷಿನ ಎಚ್ ಅಕ್ಷರದ ಥರ ಕಾಣಬೇಕು’ ಎಂದು ಅವರಲ್ಲೊಬ್ಬ ಬಹಳ ತಾಳ್ಮೆಯಿಂದ ಹೇಳಿದ. ಬೈದಿದ್ದರೆ ವಾಸಿಯಿತ್ತು.

ತಟ್ಟೆಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷ. ಹೆಂಡತಿ ಪ್ರತಿ ತಟ್ಟೆಗೂ ಕಾಗದ ಸುತ್ತಿ, ತಳದಲ್ಲಿ ಕಾಗದದ ಉಂಡೆ ಹಾಕಿ, ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿದಳು. ‘ತಟ್ಟೆಗೇನು ನಿಲ್ಲೋ ಶಿಕ್ಷೆಯಾ?’ ಎಂದು ನಾನು ನಕ್ಕೆ. ನನ್ನ ಪಾಲಿನ ಆರನ್ನು ಒಂದರ ಮೇಲೊಂದು ಹಾಯಾಗಿ ಮಲಗಿಸಿದೆ. ಮಲಗಿಸಿದರೆ ಮೇಲಿನವುಗಳ ಭಾರವೆಲ್ಲ ಕೆಳಗಿನದರ ಹೊಟ್ಟೆಯ ಮೇಲೆ. ನಿಂತ ತಟ್ಟೆ ತನ್ನ ಭಾರವನ್ನಷ್ಟೇ ಗಟ್ಟಿ ಅಂಚಿನಲ್ಲಿ ಹೊರುತ್ತದೆ. ದಾರಿಯಲ್ಲಿ ಒಂದು ಗುಂಡಿ ಈ ಪಾಠ ಮುಗಿಸಿತು. ಆರರಲ್ಲಿ ಮೂರು ಹೋದವು. ಅವಳದ್ದರಲ್ಲಿ ಗೀರು ಕೂಡ ಇಲ್ಲ. ಅವಳು ಏನೂ ಅನ್ನಲಿಲ್ಲ. ಅದನ್ನು ನಾನು ಇನ್ನೂ ಮರೆತಿಲ್ಲ.

ಹಾಗಂತ ನಾನು ಜಾಗ್ರತೆಯೇ ಮಾಡಲಿಲ್ಲ ಅನ್ನಬೇಡಿ. ಗಾಜಿನ ಲೋಟಗಳಿಗೆಂದೇ ಬಬಲ್ ರ್‍ಯಾಪ್ ತಂದಿದ್ದೆ. 1957ರಲ್ಲಿ ಅಮೆರಿಕದಲ್ಲಿ ಇಬ್ಬರು ಎಂಜಿನಿಯರುಗಳು ಗೋಡೆಗೆ ಅಂಟಿಸುವ ವಾಲ್‌ಪೇಪರ್ ಮಾಡಲು ಹೋದಾಗ ಹುಟ್ಟಿದ ವಸ್ತುವಂತೆ ಇದು. ಗೋಡೆಗೆ ಹಾಕಲು ಜನ ಒಪ್ಪದಿದ್ದದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಜಗತ್ತಿನಲ್ಲಿ ಯಾರೂ ಕೆಲಸಕ್ಕೆ ಹೋಗುತ್ತಿರಲಿಲ್ಲ. ಒಂದೇ ಒಂದು ಗುಳ್ಳೆ ಎಂದು ಶುರು ಮಾಡಿದ್ದೆ. ಪಟ್. ಅರ್ಧ ಗಂಟೆಯ ನಂತರ ಲೋಟಗಳಿಗೆ ಸುತ್ತಿದ್ದು ಗಾಳಿಯೇ ಇಲ್ಲದ ಬರೀ ಪ್ಲಾಸ್ಟಿಕ್ ಹಾಳೆ.

ಹೊಸ ಮನೆಯಲ್ಲಿ ಬಾಕ್ಸುಗಳನ್ನು ಗೋಡೆಯ ಹಾಗೆ ಪೇರಿಸಿಟ್ಟರು. ಆಗ ಗೊತ್ತಾಯಿತು, ನಾನು ಹೆಸರು ಬರೆದಿದ್ದು ಮುಚ್ಚಳದ ಮೇಲೆ. ಮುಂದೆ ಕಾಣುತ್ತಿದ್ದದ್ದು ಬರೀ ಕಂದು ರಟ್ಟು. ಒಂದೊಂದೇ ಇಳಿಸಿ ಓದುತ್ತಾ ಹೋದರೆ ಸಿಕ್ಕಿದ್ದು ಇತರೆ, ಇತರೆ, ಇತರೆ. ಅಷ್ಟರಲ್ಲಿ ಇನ್ನೊಂದು ಸತ್ಯ ಹೊಳೆಯಿತು. ಬಾಕ್ಸು ತೆರೆಯುವ ಕತ್ತರಿ ಬಾಕ್ಸಿನೊಳಗೇ ಇತ್ತು! ಮನೆಯ ಬೀಗದ ಕೈಯಿಂದ ಟೇಪು ಗೀರುತ್ತಾ ಕೂತೆ. ಹೆಂಡತಿ ಒಂದು ಕೈಚೀಲ ತೆಗೆದಳು. ಹೊದಿಕೆ, ಸೋಪು, ಚಾರ್ಜರು, ಅವಳ ಟೂತ್‌ಬ್ರಷ್.

‘ನಂದು?’ ಎಂದೆ.

‘ನಿಮ್ಮದು ನೀವೇ ಪ್ಯಾಕ್ ಮಾಡಿದ್ರಲ್ಲ ರೀ.’

ಬ್ರಷ್ಷು ಮೂರನೆಯ ದಿನ ಇತರೆ 6ರಲ್ಲಿ ಸಿಕ್ಕಿತು, ಇಸ್ತ್ರಿಪೆಟ್ಟಿಗೆಯ ಕೆಳಗೆ. ಕತ್ತರಿ ಮಾತ್ರ ಸಿಗಲಿಲ್ಲ. ಹೊಸದು ತಂದೆವು. ಇತರೆ 4 ಇನ್ನೂ ಹಾಗೇ ಮೂಲೆಯಲ್ಲಿದೆ. ಮೇಲೊಂದು ಬಟ್ಟೆ ಹಾಸಿ ಹೂಜಿ ಇಟ್ಟಿದ್ದೇವೆ, ಚೆನ್ನಾಗೇ ಕಾಣುತ್ತದೆ. ಗುಡಿಸುವಾಗ ಹೆಂಡತಿ ‘ಸ್ವಲ್ಪ ಎತ್ತಿ ಆ ಕಡೆ ಇಡಿ’ ಅನ್ನುತ್ತಾಳೆ. ನಾನು ಸೊಂಟ ನೋವು ಅನ್ನುತ್ತೇನೆ. ಅದರ ತಳಕ್ಕೆ ಟೇಪು ಹಾಕಿದ್ದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.