ಕಲಬುರಗಿಯ ಬ್ಯಾಳಿ ಮಿಲ್ಲಿಗೆ ಐಎಸ್‌ಒ ಬೇಕೇನ್ರೀ?

ಪುಣೆಯ ಭೋಸರಿ, ಚಾಕಣದ ಸಣ್ಣ ವರ್ಕ್‌ಶಾಪಿನವರು ಐಎಸ್‌ಒ 9001 (ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳುವುದಿಲ್ಲ. ವಾಹನ ಕಂಪನಿಗಳಿಗೆ ಬಿಡಿಭಾಗ ಕೊಡುವ ದೊಡ್ಡವರು ವಾಹನ ಉದ್ಯಮದ ಗುಣಮಟ್ಟ ಮಾನದಂಡವಾದ ಐಎಟಿಎಫ್ 16949 ಪಾಲಿಸಲೇಬೇಕು. ಅದರ ನಿಯಮವೇ ಅವರ ಕೈಕೆಳಗಿನ ಸಪ್ಲೈಯರ್‌ಗಳನ್ನು 9001ರ ಕಡೆ ದೂಡುತ್ತದೆ. ಐದು ಜನರ ಶೆಡ್ಡಿಗೂ ಸರ್ಟಿಫಿಕೇಟೇ ಗೇಟ್ ಪಾಸ್.

ಕಲಬುರಗಿಯ ಬ್ಯಾಳಿ (ತೊಗರಿ ಬೇಳೆ) ಮಿಲ್ಲುಗಳ ವ್ಯವಹಾರವೇ ಬೇರೆ. ಅಂಗೈಯಲ್ಲಿ ಹಿಡಿದ ಸ್ಯಾಂಪಲ್, ದಲಾಲರ ಮಾತು, ಫೋನಿನಲ್ಲಿ ದರ, ಇಷ್ಟರಲ್ಲೇ ಲಾರಿ ಲೋಡ್ ಆಗುತ್ತದೆ. ಇದನ್ನು ಹಿಂದುಳಿದ ಪದ್ಧತಿ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಮೇಲ್ದರ್ಜೆಯ ಫಟಕಾ ಬ್ಯಾಳಿಯನ್ನು ಬೆರಳಲ್ಲಿ ಉಜ್ಜಿ ನೋಡಿ ದರ ಹೇಳುವ ವ್ಯಾಪಾರಿ ಗೋಡೆಯ ಮೇಲಿನ ಫ್ರೇಮ್ ನೋಡಿ ಕ್ವಿಂಟಲ್‌ಗೆ ಹತ್ತು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ.

ಆದ್ದರಿಂದ ಮೊದಲು ನೋಡಬೇಕಾದ್ದು, ಸರ್ಟಿಫಿಕೇಟ್ ಕೇಳಿದವರು ಯಾರು ಎಂಬುದನ್ನು. ಟೆಂಡರ್ ಷರತ್ತಿನಲ್ಲಿ ಇದೆಯೇ, ಸೂಪರ್ ಮಾರ್ಕೆಟ್ ಕಂಪನಿ ಇ-ಮೇಲ್‌ನಲ್ಲಿ ಕೇಳಿದೆಯೇ, ಸೇಡಂ ಅಥವಾ ವಾಡಿಯ ಸಿಮೆಂಟ್ ಕಾರ್ಖಾನೆಗೆ ಫ್ಯಾಬ್ರಿಕೇಶನ್ ಮಾಡಿಕೊಡಲು ವೆಂಡರ್ ಅರ್ಜಿಯಲ್ಲಿ ಆ ಕಲಂ ಇದೆಯೇ? ಬರಹದಲ್ಲಿ ಇದ್ದರೆ ಮುಂದುವರಿಯಿರಿ. "ಇದ್ರ ಚಲೋ ರೀ" ಎಂದು ಕನ್ಸಲ್ಟೆಂಟ್ ಹೇಳಿದ್ದಷ್ಟೇ ಆದರೆ ಬೇಡ.

ಕೇಳಿದ್ದು ಯಾವ ಕಾಗದ ಎಂಬುದನ್ನೂ ಸರಿಯಾಗಿ ಓದಬೇಕು. 9001 ಎಂದರೆ ಕೆಲಸ ನಡೆಸುವ ಕ್ರಮಕ್ಕೆ ಕೊಡುವ ಸರ್ಟಿಫಿಕೇಟ್, ಮಾಲಿಗೆ ಕೊಡುವುದಲ್ಲ. ಮಾಲಿನ ದರ್ಜೆಗೆ ಅಗ್‌ಮಾರ್ಕ್ ಇದೆ, ಆಹಾರ ಸುರಕ್ಷತೆಯ ವ್ಯವಸ್ಥೆಗೆ ಐಎಸ್‌ಒ 22000 ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಅಂತೂ ಕಾನೂನು. ಅದರ ಶೆಡ್ಯೂಲ್ 4ರ ಸ್ವಚ್ಛತೆಯ ನಿಯಮಗಳನ್ನೇ ಪಾಲಿಸದ ಮಿಲ್ಲು 22000ಕ್ಕೆ ದುಡ್ಡು ಹಾಕುವುದು ವ್ಯರ್ಥ. ಯಾದಗಿರಿಯ ಕಡೇಚೂರಿನಲ್ಲಿ ಔಷಧ ಮಾಡುವವರಿಗೂ ಮೊದಲು ಔಷಧ ತಯಾರಿಕೆಯ ಕಡ್ಡಾಯ ನಿಯಮಗಳಾದ ಶೆಡ್ಯೂಲ್ ಎಂ, ಉಳಿದದ್ದು ಆಮೇಲೆ. ಬೀದರಿನ ಬಿದರಿ ಕುಶಲಕರ್ಮಿಗೆ ಐಎಸ್‌ಒಗಿಂತ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್) ಅಧಿಕೃತ ಬಳಕೆದಾರನಾಗಿ ಹೆಸರು ನೋಂದಾಯಿಸುವುದೇ ಹೆಚ್ಚು ಉಪಯೋಗ. ಕಲಬುರಗಿ ತೊಗರಿಗೂ 2019ರಲ್ಲಿ ಆ ಮಾನ್ಯತೆ ಸಿಕ್ಕಿದೆ. ಮಿಲ್ಲಿನವರು ಅದನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬುದು ನನ್ನ ಅನಿಸಿಕೆ.

ಬೇಕೇ ಬೇಕು ಎಂದಾದರೆ, ಅರ್ಜಿ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಗೋದಾಮಿನಿಂದ ಯಾವುದಾದರೂ 50 ಕಿಲೋ ಚೀಲ ಎಳೆದು, ಅದರ ತೊಗರಿ ಯಾವ ಅಡತಿಯಿಂದ, ಯಾವ ದಿನ, ಎಷ್ಟು ತೇವದಲ್ಲಿ ಬಂತು ಎಂದು ಒಂದು ಗಂಟೆಯೊಳಗೆ ಕಾಗದದಲ್ಲಿ ತೋರಿಸಿ. ಹೆಚ್ಚಿನ ಮಿಲ್ಲುಗಳಲ್ಲಿ ಎಳೆ ತುಂಡಾಗುವುದು ಒಣಗಿಸುವ ಅಂಗಳದಲ್ಲಿ. ರೋಲರ್‌ನಲ್ಲಿ ಗೀರು ಹಾಕಿ, ಎಣ್ಣೆ ಹಚ್ಚಿ ರಾಶಿ ಹಾಕಿದ ತೊಗರಿಯನ್ನು ಬಿಸಿಲಿಗೆ ಹರಡುತ್ತಾರೆ. ಸಂಜೆ ಹಮಾಲರು ಪಕ್ಕಪಕ್ಕದ ಎರಡು ಲಾಟ್‌ಗಳನ್ನು ಒಂದೇ ಗುಡ್ಡೆ ಮಾಡಿ ತಾಡಪತ್ರಿ ಹೊದಿಸುತ್ತಾರೆ. ಲಾಟ್ ನಂಬರ್ ಅಲ್ಲಿಗೇ ಮುಗಿಯಿತು. ಆಮೇಲೆ ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರದ ಹತ್ತಿರ ಎಷ್ಟು ಚೆಂದದ ರಿಜಿಸ್ಟರ್ ಇಟ್ಟರೂ ಅದು ಕಥೆಯೇ. ಅಂಗಳಕ್ಕೆ ಸುಣ್ಣದ ಗೆರೆ ಎಳೆದು ನಂಬರ್ ಕೊಟ್ಟು, ಗುಡ್ಡೆಯ ಮೇಲೆ ಲಾಟ್ ನಂಬರಿನ ತಗಡಿನ ಹಲಗೆ ಇಟ್ಟರೆ ಸಾಕು. ಇದಕ್ಕೆ ಯಾವ ಕನ್ಸಲ್ಟೆಂಟೂ ಬೇಡ. ಸರ್ಟಿಫಿಕೇಟ್ ತೆಗೆದುಕೊಳ್ಳದಿದ್ದರೂ ದೂರು ಬಂದಾಗ ಇಡೀ ಲಾರಿ ವಾಪಸ್ ಬರುವ ಬದಲು ಒಂದು ಲಾಟ್ ಮಾತ್ರ ಬರುತ್ತದೆ.

ಇನ್ನೊಂದು ಸಾಮಾನ್ಯ ಲೋಪ ತೇವ ಅಳೆಯುವ ಮೀಟರಿನದು. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತದೆ, ಖರೀದಿ ದರವನ್ನೇ ನಿರ್ಧರಿಸುವ ಮೀಟರಿಗೆ ಕ್ಯಾಲಿಬ್ರೇಶನ್ ಇರುವುದಿಲ್ಲ. ಆಡಿಟರ್ ಅದನ್ನು ಬರೆದೇ ಬರೆಯುತ್ತಾರೆ.

ಫೈಲುಗಳ ಭಯ ಅನಗತ್ಯ. 2015ರ ಆವೃತ್ತಿಯಿಂದ ಕ್ವಾಲಿಟಿ ಮ್ಯಾನುವಲ್ ಕಡ್ಡಾಯವಲ್ಲ, ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್ ಎಂಬ ಹುದ್ದೆಯೂ ಕಡ್ಡಾಯವಲ್ಲ. ಆದರೂ ಪುಣೆಯಲ್ಲೇ ಸಿದ್ಧಪಡಿಸಿದ ಇನ್ನೂರು ಪುಟದ ಮ್ಯಾನುವಲ್ ಹೆಸರು ಬದಲಿಸಿ ಮಾರಾಟವಾಗುತ್ತದೆ. ಆ ದಂಧೆಯಲ್ಲಿ ಪುಣೆಯವರನ್ನು ಅನುಕರಿಸಬೇಕಾಗಿಲ್ಲ. ಮ್ಯಾನುವಲ್‌ನಲ್ಲಿ ಗೇರ್ ಕಟಿಂಗ್ ಎಂದಿದ್ದು, ಎದುರಿಗೆ ಬ್ಯಾಳಿ ಒಡೆಯುತ್ತಿದ್ದರೆ ಆಡಿಟರ್‌ಗೆ ಬೇರೆ ಸಾಕ್ಷಿ ಏಕೆ?

ಎಷ್ಟು ಖರ್ಚಾಗಬಹುದು ಎಂಬುದಕ್ಕೆ ಆಡಿಟ್ ದಿನಗಳ ಲೆಕ್ಕ ಹಿಡಿಯಿರಿ. ಅಂತರರಾಷ್ಟ್ರೀಯ ಕೋಷ್ಟಕದಂತೆ 6ರಿಂದ 10 ಜನಕ್ಕೆ ಮೊದಲ ಆಡಿಟ್ 2 ದಿನ, 11ರಿಂದ 15ಕ್ಕೆ ಎರಡೂವರೆ, 16ರಿಂದ 25ಕ್ಕೆ 3 ದಿನ. ಗುತ್ತಿಗೆಯ ಹಮಾಲರೂ ಲೆಕ್ಕಕ್ಕೆ ಬರುತ್ತಾರೆ, ಒಂದೇ ಬಗೆಯ ಕೆಲಸವಾದರೆ ಸ್ವಲ್ಪ ಇಳಿಕೆ ಸಿಗುತ್ತದೆ. ಮೂರು ವರ್ಷದ ಅವಧಿಯಲ್ಲಿ ಪ್ರತಿ ವರ್ಷ ಕಣ್ಗಾವಲು ಆಡಿಟ್ ಇದೆ, ಅದಕ್ಕೆ ಮೊದಲಿನದರ ಸುಮಾರು ಮೂರನೇ ಒಂದು ಭಾಗ ಸಮಯ. ಮೂರೂ ವರ್ಷದ ಕೊಟೇಶನ್ ಒಟ್ಟಿಗೆ ಕೇಳಿ. ಮಿಲ್ಲಿಗೆ ಕಾಲಿಡದೆ ವಾರದಲ್ಲಿ ಸರ್ಟಿಫಿಕೇಟ್ ಕಳಿಸುವವರದು ಬರೀ ಕಾಗದ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಭಾರತದ ಮಾನ್ಯತಾ ಮಂಡಳಿಯಾದ ಎನ್‌ಎಬಿಸಿಬಿ ಅಥವಾ ಅಂತರರಾಷ್ಟ್ರೀಯ ಪರಸ್ಪರ ಮಾನ್ಯತೆಯ ಒಪ್ಪಂದದಲ್ಲಿರುವ ಬೇರೆ ಮಂಡಳಿಯ ಮಾನ್ಯತೆ ಇದೆಯೇ ಎಂದು ಆ ಮಂಡಳಿಯ ಪಟ್ಟಿಯಲ್ಲೇ ನೋಡಿ. ಸಲಹೆ ಕೊಡುವವರೂ ಸರ್ಟಿಫಿಕೇಟ್ ಕೊಡುವವರೂ ಒಬ್ಬರೇ ಆದರೆ ಅದು ನಿಯಮಕ್ಕೇ ವಿರುದ್ಧ. ಸರ್ಟಿಫಿಕೇಟ್ ಯಾವ ಕೆಲಸಕ್ಕೆ ಎಂದು ಹೇಳುವ ಸ್ಕೋಪಿನ ಸಾಲನ್ನು ಸಹಿ ಹಾಕುವ ಮುಂಚೆ ಓದಿ. ಅದರಲ್ಲಿ ಸಂಸ್ಕರಣೆ ಎಂಬುದು ಬಿಟ್ಟುಹೋಗಿ ಬರೀ ದ್ವಿದಳ ಧಾನ್ಯದ ವ್ಯಾಪಾರ ಎಂದಿದ್ದರೆ, ಸಂಸ್ಕರಣೆಯ ಟೆಂಡರಿನಲ್ಲಿ ಅದು ಉಪಯೋಗಕ್ಕೆ ಬಾರದು.

ಕೇಳಿದವರಿಲ್ಲ, ಆದರೂ ಕ್ರಮ ಬೇಕು ಎನ್ನುವವರಿಗೆ ಸಣ್ಣ ಉದ್ಯಮಗಳ ಗುಣಮಟ್ಟಕ್ಕಾಗಿ ಇರುವ ಕೇಂದ್ರದ ಝೆಡ್ (ಝೀರೋ ಡಿಫೆಕ್ಟ್ ಝೀರೋ ಎಫೆಕ್ಟ್) ಯೋಜನೆ ಅಗ್ಗದ ದಾರಿ. 2022ರಲ್ಲಿ ಹೊಸ ರೂಪದಲ್ಲಿ ಬಂದಾಗ ಅತಿ ಸಣ್ಣ ಘಟಕಗಳಿಗೆ ಶುಲ್ಕದಲ್ಲಿ 80 ಶೇಕಡಾ, ಸಣ್ಣವಕ್ಕೆ 60 ಶೇಕಡಾ ಸಬ್ಸಿಡಿ ಇಟ್ಟಿದ್ದರು. ಈಗಿನ ಸ್ಥಿತಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಐಎಸ್‌ಒಗೇ ಹೋಗುವವರು ಆಡಿಟ್ ತಾರೀಖನ್ನು ಹಂಗಾಮು ನೋಡಿ ಹಿಡಿಯಬೇಕು. ಮೊದಲ ಆಡಿಟ್ ಎರಡು ಹಂತದ್ದು, ಎರಡನೇ ಹಂತದಲ್ಲಿ ಕೆಲಸ ನಡೆಯುವುದನ್ನು ಕಣ್ಣಾರೆ ನೋಡುತ್ತಾರೆ. ಡ್ರೈಯರ್ ಇಲ್ಲದ ಮಿಲ್ಲು ಮಳೆಗಾಲದಲ್ಲಿ ಅಂಗಳವನ್ನು ತೋರಿಸಲಾಗದು. ಹೊಸ ತೊಗರಿ ಬರುವ ಜನವರಿಯಿಂದ ದಾಖಲೆ ಶುರು ಮಾಡಿ, ಮಾರ್ಚ್‌ನಲ್ಲಿ ಆಂತರಿಕ ಆಡಿಟ್ ಮತ್ತು ಮಾಲೀಕರ ಪರಿಶೀಲನಾ ಸಭೆ ಮುಗಿಸಿ, ಏಪ್ರಿಲ್‌ನಲ್ಲಿ ಆಡಿಟರ್‌ರನ್ನು ಕರೆಯಿರಿ. ಬಿಸಿಲಿಗೆ ಹೆದರುವ ಆಡಿಟರ್ ಆದರೆ ಮಾರ್ಚ್ ಕೊನೆಗೇ ಕರೆಸಿಕೊಳ್ಳಿ.